ಉಪ್ಪಿಲ್ಲದ ಮನೆಯ ಮೀನುಗಳು

ಮಲಯಾಳ ಸೀಮೆಯ ಮರಕ್ಕಡವಿನಲ್ಲಿರುವ ನಮ್ಮ ಸೋದರಮಾವನ ಮನೆಗೆ ಊಟಕ್ಕೆ ಹೋಗುವವರು ಪರ್ಸಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡೇ ಹೋಗಬೇಕು! ತಮಾಷೆಯಲ್ಲ. ಎರಡು ವರ್ಷದಿಂದ ಆ ಮನೆಯಲ್ಲಿ ಉಪ್ಪಿನ ಡಬ್ಬಿಯೇ ಇಲ್ಲ. ಸಾರು ಸಪ್ಪೆ, ಪಲ್ಯ ಸಪ್ಪೆ, ಉಪ್ಪಿನಕಾಯಿಗಂತೂ ಗಡೀಪಾರು. ಯಾಕೆಂದು ಕೇಳಿದರೆ, "ನಾಲ್ಗೆಗೆ ಅಷ್ಟು ಸಲುಗೆ ಕೊಡಬಾರ್ದು ಕೂಸೇ" ಎನ್ನುತ್ತಾರೆ. ಜಿಪುಣ ಎಂದವರುಂಟು, ವ್ರತ ಎಂದವರುಂಟು. ನಾನು ಹುಚ್ಚು ಎಂದುಕೊಂಡಿದ್ದೆ.

ಮಾವನ ಎರಡನೆಯ ಹುಚ್ಚು ತೊಳೆಯುವುದು. ಹಸುವನ್ನು ಎಲ್ಲರೂ ತೊಳೆಯುತ್ತಾರೆ, ಹಸುವಿನ ಹಗ್ಗವನ್ನು ಯಾರಾದರೂ ಸೋಪು ಹಚ್ಚಿ ತೊಳೆಯುತ್ತಾರೆಯೇ? ಈ ಸಲ ವಿಷು ಹಬ್ಬಕ್ಕೆ ನಾನು ಹೋದಾಗ ಮನೆಯೆಲ್ಲ ತೊಳೆದು ಮುಗಿಸಿ, ಹಿತ್ತಿಲಿನ ಮೀನಿನ ಹೊಂಡಕ್ಕೆ ಕೈ ಹಾಕಿದ್ದರು. ಟಾರ್ಪಾಲು ಹಾಸಿದ ಹೊಂಡ, ಅದರ ತುಂಬ ತಿಲಾಪಿಯ ಮೀನು. ಪಕ್ಕದಲ್ಲೊಂದು ಡ್ರಮ್ಮು. ಹೊಂಡದ ನೀರು ಅದರೊಳಗಿನ ಕಲ್ಲುಗಳ ಮೇಲೆ ಹರಿದು ಮತ್ತೆ ಹೊಂಡಕ್ಕೇ ಬರುತ್ತದೆ. ಕಲ್ಲಿನ ಮೇಲೆಲ್ಲ ಲೋಳೆ!

"ಹಬ್ಬದ ದಿನ ಮೀನು ಮಾತ್ರ ಕೊಳಕಲ್ಲಿರ್ಬೇಕಾ?" ಎಂದು ಒಂದೊಂದು ಕಲ್ಲನ್ನೂ ತೆಂಗಿನ ನಾರಿನಿಂದ ಉಜ್ಜಿ, ಮೆಣಸು ಒಣಗಿಸುವ ಅಂಗಳದಲ್ಲಿ ಒಣಗಿಸಿ, ವಾಪಸ್ ತುಂಬಿದರು. ಹಬ್ಬದೂಟವೆಂದು ಮೀನಿಗೆ ಎರಡರಷ್ಟು ತಿಂಡಿಯನ್ನೂ ಸುರಿದರು.

ಕೆಲವೇ ದಿನಗಳಲ್ಲಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಎರಡು ಸತ್ತು ತೇಲಿದವು. ನೀರು ನೋಡಿದರೆ ತಳ ಕಾಣುವಷ್ಟು ತಿಳಿ! ಮಾವನ ಮುಖ ಬಾಡಿಹೋಯಿತು. ಮೀನು ಸಾಕಣೆಯ ತರಬೇತಿ ಕೊಟ್ಟಿದ್ದ ಮೇಡಂ ಪುಲ್ಪಳ್ಳಿಯಿಂದ ಸ್ಕೂಟರಿನಲ್ಲಿ ಬಂದರು. ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಏನೋ ಹನಿ ಹಾಕಿದರು, ನೀರು ಕಡು ಗುಲಾಬಿಯಾಯಿತು. ಸತ್ತ ಮೀನಿನ ಕಿವಿರು ಎತ್ತಿದರು. ಕೆಂಪಗಿರಬೇಕಾದದ್ದು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು.

ಮೇಡಂ ಮಲಯಾಳದಲ್ಲಿ ವಿವರಿಸಿದರು. ಮೀನಿನ ಹೊಲಸಿನಿಂದ, ಉಳಿದ ತಿಂಡಿಯಿಂದ ನೀರಿನಲ್ಲಿ ನೈಟ್ರೈಟ್ ಎಂಬ ವಿಷ ಹುಟ್ಟುತ್ತದೆ. ಅದನ್ನು ತಿಂದು ಸಾಧುವಾಗಿಸುವ ಜೀವಾಣುಗಳು ಇದ್ದದ್ದು ಮಾವ ಉಜ್ಜಿ ತೆಗೆದ ಆ ಲೋಳೆಯಲ್ಲೇ. ಈಗ ವಿಷ ಮೀನಿನ ರಕ್ತಕ್ಕೆ ಸೇರಿದೆ. ನೀರಿನಲ್ಲಿ ಗಾಳಿಯಿದ್ದರೂ ರಕ್ತ ಅದನ್ನು ಹೊರುವುದಿಲ್ಲ.

ಮಲಯಾಳ ಚೆನ್ನಾಗಿಯೇ ಬಲ್ಲ ಮಾವ ನನ್ನತ್ತ ತಿರುಗಿ, "ಇದನ್ನ ಕನ್ನಡದಲ್ಲಿ ಹೇಳು" ಎಂದರು. ಹೇಳಿದೆ. ಕನ್ನಡದಲ್ಲೂ ಅದು ಹಾಗೇ ಇತ್ತು!

"ಲೋಳೆ ಒಳ್ಳೇದು, ತಿಳಿನೀರು ವಿಷ. ಗಾಳಿ ಉಂಟು, ಉಸಿರಿಲ್ಲ. ಶರಿ, ಮದ್ದೇನು?"

"ತಿಂಡಿ ನಿಲ್ಲಿಸಿ, ಒಂದಷ್ಟು ನೀರು ಬದಲಿಸಿ. ಆಮೇಲೆ ಉಪ್ಪು ಹಾಕಿ. ಉಪ್ಪಿದ್ದರೆ ನೈಟ್ರೈಟ್ ಕಿವಿರಿನೊಳಗೆ ನುಗ್ಗೋದು ಕಮ್ಮಿ" ಎಂದರು ಮೇಡಂ.

"ಸಿಹಿನೀರಿನ ಮೀನಿಗೆ ಉಪ್ಪಾ?" ಮಾವ ಅಲ್ಲೇ ಕುಸಿದು ಕೂತರು. ಹುಡುಕಿದರೆ ಮನೆಯಲ್ಲಿ ಒಂದು ಹರಳು ಉಪ್ಪಿಲ್ಲ! ನನ್ನ ಪೊಟ್ಟಣ ಯಾವ ಮೂಲೆಗೆ? ಮಾವ ಅಂಗಡಿಗೆ ಓಡಿ, ಕಲ್ಲುಪ್ಪಿನ ಮೂಟೆಯನ್ನೇ ಹೊತ್ತು ತಂದರು.

ಬಾಗಿಲಲ್ಲಿ ನಿಂತಿದ್ದ ಅತ್ತೆ ನಕ್ಕರು. "ಎರಡು ವರ್ಷಕ್ಕೆ ಉಪ್ಪು ಬಂತು ನೋಡವ್ವ, ಅದೂ ಮೀನಿಗೆ!"

"ಇದೇನು ಹುಚ್ಚು ಅತ್ತೆ, ಮಾವಂದು?"

"ನಂಗೆ ಪ್ರೆಶರ್ ಉಂಟು, ಉಪ್ಪು ಕಮ್ಮಿ ಮಾಡಿ ಅಂದ್ರು ಡಾಕ್ಟ್ರು. ಇವ್ರು ಡಬ್ಬಿನೇ ಎತ್ತಿ ಯಾರಿಗೋ ಕೊಟ್ಬುಟ್ರು. ನೀವು ತಿನ್ನಿ ಅಂದ್ರೂ ಕೇಳ್ಲಿಲ್ಲ. ಒಣಮೀನು ಅಂದ್ರೆ ನಂಗೆ ಪ್ರಾಣ, ಅದ್ರಲ್ಲೂ ಉಪ್ಪೇ ಅಲ್ವಾ? ಹಸಿಮೀನಾದ್ರೂ ತಿನ್ಲಿ ಅಂತ ಈ ಹೊಂಡ ತೋಡಿದ್ರು."

ಅತ್ತ ಬಕೆಟ್ಟಿನಲ್ಲಿ ಉಪ್ಪು ಕರಗಿಸುತ್ತಿದ್ದ ಮಾವ, ಯಾರೂ ನೋಡುತ್ತಿಲ್ಲವೆಂದುಕೊಂಡು ಒದ್ದೆ ಬೆರಳನ್ನು ನಾಲಗೆಗಿಟ್ಟರು. ಕಣ್ಣು ಮುಚ್ಚಿಕೊಂಡರು. ಕಣ್ಣು ಬಿಟ್ಟಾಗ ಎದುರಿಗೆ ಅತ್ತೆ! ಗಡಿಬಿಡಿಯಲ್ಲಿ ಬಾಯಿ ಮುಕ್ಕಳಿಸಿ ಉಗಿದು, ಮತ್ತೆ ಬಕೆಟ್ಟಿಗೆ ಬಾಗಿದರು.

ಮರುದಿನ ಮೀನುಗಳು ಒಂದೊಂದಾಗಿ ಕೆಳಗಿಳಿದವು. ಮಧ್ಯಾಹ್ನ ಅತ್ತೆ ಬಡಿಸಿದ ಸಪ್ಪೆ ಸಾರನ್ನು, ಪರ್ಸಿನ ಪೊಟ್ಟಣ ಬಿಚ್ಚದೆಯೇ, ಎರಡು ಸಲ ಹಾಕಿಸಿಕೊಂಡು ಉಂಡೆ.