ಹೆಂಡತಿಯ ಪಕ್ಕದ ಸೀಟು

ಕಟ್ಟಿಕೊಂಡ ಹೆಂಡತಿಯ ಪಕ್ಕದಲ್ಲಿ ಕೂರುವುದಕ್ಕೆ ಬಾಡಿಗೆ ಕೊಡಬೇಕು ಎಂದರೆ ಯಾವ ಗಂಡಸಿಗೆ ತಾನೇ ಮೈ ಉರಿಯುವುದಿಲ್ಲ, ನೀವೇ ಹೇಳಿ. ಮದುವೆಯಾದ ದಿನದಿಂದ ಪುಕ್ಕಟೆಯಾಗಿ ಕೂತಿದ್ದೇನೆ. (ಪುಕ್ಕಟೆ ಎನ್ನುವುದು ಮಾತಿಗೆ. ತೆತ್ತದ್ದೆಷ್ಟು ಎಂದು ನನಗೆ ಗೊತ್ತು.) ಈಗ ಯಾವುದೋ ವಿಮಾನ ಕಂಪನಿ ನಮ್ಮಿಬ್ಬರ ನಡುವೆ ಬಂದು, "ಜೊತೆಯಾಗಿ ಕೂರಬೇಕೇ? ಹೆಚ್ಚುವರಿ ಶುಲ್ಕ ಪಾವತಿಸಿ" ಎಂದು ಕಂಪ್ಯೂಟರಿನ ಪರದೆಯ ಮೇಲೆ ಹಲ್ಲು ಕಿರಿಯುತ್ತದೆ.

ನಾವು ಯೂರೋಪಿನ ಹಡಗು ಪ್ರವಾಸಕ್ಕೆ ಹೊರಟಿದ್ದೆವು. ನಾವು ಎಂದರೆ ನಾನು, ನನ್ನವಳು, ಐದನೇ ಕ್ಲಾಸಿನ ಮಗಳು ಮತ್ತು ನಮ್ಮತ್ತೆ. ನಾನು ಕಟ್ಟುಹಲ್ಲು ಮಾಡುವವನು. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಹಿಂದಿನ ಕೋಣೆಯಲ್ಲಿ ಕೂತು ಸೆಟ್ಟು ತಯಾರಿಸುತ್ತೇನೆ. ಊರಿನ ಮುದುಕರೆಲ್ಲ ನಗುವುದು ನನ್ನ ಹಲ್ಲಿನಿಂದ, ಹೊಗಳಿಕೆಯೆಲ್ಲ ಡಾಕ್ಟರಿಗೆ. ಹಡಗಿನಲ್ಲಾದರೂ ಒಂದು ವಾರ ದೊಡ್ಡ ಮನುಷ್ಯನಾಗಿ ಬಾಳಬೇಕು ಎಂಬುದು ನನ್ನ ಆಸೆ. ಅದಕ್ಕೆಂದೇ ಒಂದು ಕಡುನೀಲಿ ಕೋಟು ಹೊಲಿಸಿದ್ದೆ. ಅದನ್ನು ತೊಟ್ಟು, ಹಡಗಿನ ಭೋಜನಶಾಲೆಯಲ್ಲಿ, ಬಿಳಿ ಬಟ್ಟೆ ಹಾಸಿದ ಮೇಜಿಗೆ ಸಂಸಾರಸಮೇತನಾಗಿ ವಿರಾಜಮಾನನಾಗುವ ಚಿತ್ರ ಕಣ್ಣಿಗೆ ಕಟ್ಟಿತ್ತು.

ಹಡಗಿನ ಟಿಕೆಟ್ಟು ಕೊಂಡಾಗಲೇ ಜೇಬು ಬರಿದಾಗಿತ್ತು. ಆದ್ದರಿಂದ ಬಂದರು ಮುಟ್ಟುವವರೆಗೆ ಜಿಪುಣತನ, ಹಡಗು ಹತ್ತಿದ ಮೇಲೆ ರಾಜವೈಭವ ಎಂಬ ಶಾಸನ ಹೊರಡಿಸಿದೆ. ಹಡಗು ಹೊರಡುವ ಹಿಂದಿನ ದಿನ ಆ ಬಂದರಿನ ಊರಿಗೆ ಹೋಗುವ ಅತಿ ಅಗ್ಗದ ವಿಮಾನವನ್ನು ಹುಡುಕಿ ತೆಗೆದೆ. ಅದನ್ನು ಕಂಡುಹಿಡಿದ ಜಾಣ ಜಗತ್ತಿನಲ್ಲಿ ನಾನೊಬ್ಬನೇ ಎಂದು ನನ್ನ ನಂಬಿಕೆ.

"ರೀ, ಒಟ್ಟಿಗೆ ಕೂರೋಕೆ ಅದೇನು ದುಡ್ಡೋ ಕಟ್ಟಿಬಿಡಿ," ಎಂದಳು ನನ್ನವಳು. "ಮೊದಲನೇ ಸಲ ಎಲ್ಲರೂ ಒಟ್ಟಿಗೆ ಹೋಗ್ತಾ ಇದೀವಿ."

"ಮನೇಲಿ ದಿನಾ ಒಟ್ಟಿಗೆ ಕೂರ್ತೀವಲ್ಲ, ಸಾಲದಾ?"

"ಮನೇಲಿ ನೀವು ಟೀವಿ ಜೊತೆ ಕೂರ್ತೀರಿ."

"ಎಲ್ಲಿ ಕೂತರೂ ಒಂದೇ ವಿಮಾನ ಕಣೇ. ಹಿಂದಿನ ಸೀಟು ಬೇರೆ ಊರಿಗೆ ಹೋಗಲ್ಲ."

ನಮ್ಮತ್ತೆ ನಡುವೆ ಬಾಯಿ ಹಾಕಿದರು. "ಬಿಡೇ, ಅಳಿಯಂದ್ರು ಹೇಳೋದು ಸರಿಯಾಗೇ ಇದೆ. ಅವರ ಪಕ್ಕ ಕೂರದೇ ಇದ್ರೆ ನಿಂಗೇ ಒಂದಿಷ್ಟು ಆರಾಮ."

ಇದು ನನ್ನ ಪರವೋ ವಿರುದ್ಧವೋ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಆ ಕಂಪನಿಯ ದುರಾಸೆ ಅಲ್ಲಿಗೇ ನಿಲ್ಲಲಿಲ್ಲ. ಚೀಲದ ತೂಕ ಹೆಚ್ಚಾದರೆ ಅದಕ್ಕೂ ದಂಡವಂತೆ. ಆದರೆ ಮೈಮೇಲೆ ಇರುವುದನ್ನು ಯಾರೂ ತೂಗುವುದಿಲ್ಲ. ಅವರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರಿದೆ. ಕೋಟಿನ ಬಲಜೇಬಿಗೆ ಇಸ್ತ್ರಿಪೆಟ್ಟಿಗೆ, ಎಡಜೇಬಿಗೆ ಮಗಳ ಚಪ್ಪಲಿ, ಒಳಜೇಬಿಗೆ ಅತ್ತೆಯ ಮಾತ್ರೆ ಡಬ್ಬಿ. ಹೆಜ್ಜೆ ಇಟ್ಟರೆ ಪಾತ್ರೆ ಅಂಗಡಿಯೇ ಎದ್ದು ಹೊರಟಂತೆ ಸದ್ದು. ವಿಮಾನ ನಿಲ್ದಾಣದ ತಪಾಸಣೆಯವನು ಒಂದೊಂದನ್ನೇ ಹೊರತೆಗೆದು, ಇಸ್ತ್ರಿಪೆಟ್ಟಿಗೆಯನ್ನು ಮಾತ್ರ ಯಾವುದೋ ಪಂದ್ಯದಲ್ಲಿ ಗೆದ್ದ ಕಪ್ಪಿನ ಹಾಗೆ ಎತ್ತಿ ಹಿಡಿದು ಇಡೀ ಸಾಲಿಗೆ ತೋರಿಸಿದ. ನನ್ನವಳು ಬೇರೆ ಯಾರದೋ ಹೆಂಡತಿಯ ಹಾಗೆ ಗೋಡೆ ನೋಡುತ್ತಾ ನಿಂತಿದ್ದಳು.

ವಿಮಾನದಲ್ಲಿ ನಾಲ್ವರೂ ನಾಲ್ಕು ದಿಕ್ಕು. ನನಗೆ ಸಿಕ್ಕಿದ್ದು ಕಟ್ಟಕಡೆಯ ಸಾಲು, ಶೌಚಾಲಯದ ಬಾಗಿಲಿನ ಪಕ್ಕ. ಮುಂದಿನ ಸಾಲುಗಳಿಂದ ಆಗಾಗ ನಗು ಕೇಳುತ್ತಿತ್ತು. ಒಮ್ಮೆ ನನ್ನವಳ ಸಾಲು, ಒಮ್ಮೆ ಅತ್ತೆಯ ಸಾಲು, ಒಮ್ಮೆ ಮಗಳ ಸಾಲು. ಪ್ರತಿ ಸಲ ನಕ್ಕಾದ ಮೇಲೆ ಕೆಲವು ತಲೆಗಳು ಹಿಂದೆ ತಿರುಗಿ ನನ್ನನ್ನೇ ನೋಡುತ್ತಿದ್ದವು. ಕೋಟಿನ ಪ್ರಭಾವ ಎಂದುಕೊಂಡು ನಾನೂ ಗಂಭೀರವಾಗಿ ತಲೆಯಾಡಿಸಿದೆ.

ಮರುದಿನ ಹಡಗು ಹತ್ತಿದೆವು. ಸಂಜೆ ಕೋಟಿಗೆ ಇಸ್ತ್ರಿ ಹಾಕಿ (ಅದೇ ಪೆಟ್ಟಿಗೆಯಿಂದ, ಸುಮ್ಮನೆ ಹೊತ್ತಿರಲಿಲ್ಲ), ತಲೆ ಬಾಚಿಕೊಂಡು, ಮೂವರನ್ನೂ ಮುಂದೆ ಕಳಿಸಿ, ದೊಡ್ಡ ಮನುಷ್ಯರು ತಡವಾಗಿ ಬರಬೇಕು ಎಂಬ ನಿಯಮದ ಪ್ರಕಾರ ಆಮೇಲೆ ಭೋಜನಶಾಲೆಗೆ ನಡೆದೆ. ಬಾಗಿಲಲ್ಲೇ ಸ್ಥೂಲಕಾಯರೊಬ್ಬರು ಕೈ ಕುಲುಕಿದರು.

"ನಂದೊಂದು ಕಂಪನಿ ಇದೆ," ಎಂದು ಕೆಳದನಿಯಲ್ಲಿ ಪರಿಚಯಿಸಿಕೊಂಡೆ.

ಅವರು ನನ್ನ ಕೋಟನ್ನು ಮೇಲಿಂದ ಕೆಳಗೆ ನೋಡಿದರು. "ಇಸ್ತ್ರಿಪೆಟ್ಟಿಗೆ ಈ ಜೇಬಲ್ಲಿತ್ತಾ, ಆ ಜೇಬಲ್ಲಿತ್ತಾ?"

ನಾನು ಬಲಜೇಬಿನ ಮೇಲೆ ಕೈ ಮುಚ್ಚಿಕೊಂಡೆ. ಅವರ ಹೆಂಡತಿ ಹತ್ತಿರ ಬಂದರು. "ನಿಮ್ಮತ್ತೆಯವರು ನಮ್ಮ ಸಾಲಲ್ಲೇ ಕೂತಿದ್ರು. ಎಷ್ಟು ಒಳ್ಳೆ ಜನ. ನನ್ನ ಕೆಳಗಿನ ಹಲ್ಲಿನ ಸೆಟ್ಟು ಒಂಚೂರು ಸಡಿಲ ಅಂದೆ. ಅದಕ್ಕೇನು, ಅಳಿಯಂದ್ರು ಬಿಡುವಾಗೇ ಇರ್ತಾರೆ, ನೋಡ್ತಾರೆ ಅಂದ್ರು." ಹಾಗೆಂದು ಬಾಯಿಗೆ ಕೈ ಹಾಕಿಯೇಬಿಟ್ಟರು. ಊಟವಾದ ಮೇಲೆ ನೋಡೋಣ ಎಂದು ಕೈ ಮುಗಿದೆ.

ಸುತ್ತ ಕಣ್ಣಾಡಿಸಿದೆ. ಆ ಮೂಗು, ಈ ಬೋಳುತಲೆ, ಎಲ್ಲ ನಿನ್ನೆ ಹಿಂದೆ ತಿರುಗಿ ನೋಡಿದವೇ. ಇಡೀ ವಿಮಾನವೇ ಹಡಗು ಹತ್ತಿತ್ತು. ಒಂದೇ ಕಡೆ ಕೂರಿಸಿದ್ದರೆ ಮೂವರ ಬಾಯನ್ನೂ ಕಾಯಬಹುದಿತ್ತು. ಚದುರಿಸಿದ್ದರಿಂದ ನನ್ನ ಮಾನ ಮೂರು ಸಾಲುಗಳಲ್ಲಿ ಏಕಕಾಲಕ್ಕೆ ಹರಾಜಾಗಿತ್ತು. ನನ್ನ ಮನೆಯವರಿಗೆ ನನ್ನ ಮಾನದ ಚಿಂತೆ ಬೇಡವೇ?

ಕಿಟಕಿಯ ಬಳಿಯ ಮೇಜಿನಲ್ಲಿ ನನ್ನವಳು ವಿಮಾನದ ಗೆಳತಿಯರ ನಡುವೆ ನಗುತ್ತಿದ್ದಳು. ಅಷ್ಟು ನಕ್ಕದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು. ಹೋಗಿ ನಿಂತೆ.

"ಇಲ್ಲಿ ಜಾಗ ಭರ್ತಿ ರೀ," ಎಂದಳು.

ಮಗಳ ಮೇಜಿನ ತುಂಬ ಮಕ್ಕಳು. "ಅಪ್ಪ, ಇಲ್ಲಿಗೆ ದೊಡ್ಡವರು ಬರಬಾರ್ದು."

ಬಡಿಸುವವನು ನನ್ನನ್ನು ಅಡುಗೆಮನೆ ಬಾಗಿಲಿನ ಪಕ್ಕದ ಒಂಟಿ ಮೇಜಿಗೆ ಕರೆದೊಯ್ದ. ಇನ್ನು ತಡೆಯಲಾಗಲಿಲ್ಲ. ಅವನ ಕಿವಿಯಲ್ಲಿ ಹೇಳಿದೆ. "ನೋಡಪ್ಪ, ಬೇಕಾದ್ರೆ ಹೆಚ್ಚಿಗೆ ದುಡ್ಡು ಕೊಡ್ತೀನಿ. ಕಿಟಕಿ ಹತ್ರ ನನ್ನ ಹೆಂಡತಿ ಇದ್ದಾಳೆ. ಪಕ್ಕದಲ್ಲೊಂದು ಕುರ್ಚಿ ಹಾಕಿಸ್ತೀಯಾ?"

"ಇಲ್ಲಿ ಅದಕ್ಕೆ ದುಡ್ಡಿಲ್ಲ ಸರ್," ಎಂದ ಅವನು ವಿನಯದಿಂದ. "ಅವರು ಕರೀಬೇಕು, ಅಷ್ಟೇ."

ಪಕ್ಕದ ಮೇಜಿನಲ್ಲಿ ಬಾಗಿಲಲ್ಲಿ ಸಿಕ್ಕ ದಂಪತಿಯ ನಡುವೆ ನಮ್ಮತ್ತೆ ಕೂತಿದ್ದರು. ಎಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ಎಲ್ಲಿ ಕೂತರೂ ಒಂದೇ ಹಡಗು."

ಹಾಗೆಂದು ಬಾಯ್ತುಂಬ ನಕ್ಕರು. ಆ ಬಾಯಿಯ ಒಂದೊಂದು ಹಲ್ಲನ್ನೂ ಮಾಡಿಕೊಟ್ಟವನು ನಾನೇ, ಅದೂ ಪುಕ್ಕಟೆಯಾಗಿ.