ತಾಂಬೂಲದ ತಟ್ಟೆ ಎತ್ತಿಕೊಂಡು ಹೋದ ಹೋಟೆಲಿನವರಿಗೆ

ಮಧುರೆಯ ವರ್ತುಲ ರಸ್ತೆಯ ಪಕ್ಕದಲ್ಲಿ ಆಕಾಶಕ್ಕೆ ತಲೆ ಕೊಟ್ಟು ನಿಂತಿರುವ ಹೋಟೆಲಿನ ಮ್ಯಾನೇಜರ್ ಸಾಹೇಬರ ಸನ್ನಿಧಾನಕ್ಕೆ, ಕಂಬಂ ಕಣಿವೆಯ ಓಡೈಪಟ್ಟಿಯ ದ್ರಾಕ್ಷಿ ಬೆಳೆಗಾರ ಕಂದಸಾಮಿ ಕೈಮುಗಿದು ಮಾಡಿಕೊಳ್ಳುವ ಬಿನ್ನಹ.

ಮಾನ್ಯರೇ,

ತಾವೂ, ತಮ್ಮ ಅಡುಗೆಯವರೂ, ಬಾಗಿಲಲ್ಲಿ ಸಲಾಮು ಹೊಡೆಯುವ ದೊಡ್ಡ ಮೀಸೆಯವರೂ ಕ್ಷೇಮವೆಂದು ನಂಬಿದ್ದೇನೆ. ಇದೇ ವಿಷಯವಾಗಿ ನಾನು ತಮಿಳಿನಲ್ಲಿ ಒಮ್ಮೆ, ನನ್ನ ಮಗಳು ಇಂಗ್ಲಿಷಿನಲ್ಲಿ ಒಮ್ಮೆ ತಮಗೆ ಬರೆದಿದ್ದೆವು. ಉತ್ತರ ಬರಲಿಲ್ಲ. ಆದಕಾರಣ ಈ ಸಲ ನಮ್ಮ ಮನೆಮಾತಾದ ಕನ್ನಡದಲ್ಲಿ, ಬೆಂಗಳೂರಿಗೆ ದ್ರಾಕ್ಷಿ ಹಾಕುತ್ತಿದ್ದ ಕಾಲದಲ್ಲಿ ಮಂಡಿಯ ದಿನಪತ್ರಿಕೆಗಳಿಂದ ಕಲಿತ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ. ಓದಲು ಬರಲಿಲ್ಲ ಎಂಬ ನ್ಯಾಯವಾದ ಕಾರಣವಾದರೂ ತಮಗೆ ಸಿಗಲಿ ಎಂಬುದೇ ನನ್ನ ಆಸೆ.

ನನ್ನ ಮಗಳು ಜನನಿ ನಮ್ಮ ಕಣಿವೆಯದೇ ಗೂಡಲೂರಿನಲ್ಲಿ ದನದ ಡಾಕ್ಟರ್. ಕರು ಅಡ್ಡ ತಿರುಗಿದರೆ ಮೊಣಕೈವರೆಗೂ ಕೈ ಹಾಕಿ ಎಳೆದು ತೆಗೆಯುವವಳು. ಆದರೆ ಹೆಣ್ಣು ನೋಡಲು ಬಂದವರಿಗೆ ಆ ಕೈ ಹಿಡಿಸಲಿಲ್ಲ. ಒಂದು ಮನೆಯವರು ಕೆಲಸ ಬಿಡಬೇಕೆಂದರು. ಇನ್ನೊಂದು ಮನೆಯವರು ಕೇಸರಿಬಾತು ತಿಂದು, ಕೈ ತೊಳೆದುಕೊಂಡು, ಜಾತಕ ಕೂಡಲಿಲ್ಲವೆಂದರು. ಅಂದೇ ಅವಳು ನನಗೆ ಹೇಳಿಬಿಟ್ಟಳು: "ಅಪ್ಪಾ, ಕಾಫಿ ತಟ್ಟು ಹಿಡ್ಕಂಡು ಮುಂದೆ ಬಂದು ನಿಲ್ಲಕ್ಕೆ ಇನ್ನು ನನ್ ಕೈಲಿ ಮುಡಿಯಾದು. ಇನ್ನೊಂದೇ ಸಲ. ಅದೇ ಕಡೇದು."

ಹಾಗಿರುವಾಗ ದಿಂಡಿಗಲ್ಲಿನಿಂದ ಅಮ್ಮಣಿ ಎಂಬ ನಮ್ಮವರೇ ಒಬ್ಬ ಹೆಂಗಸು ಫೋನು ಮಾಡಿದರು. ಗಂಡ ತೀರಿಕೊಂಡ ಮೇಲೆ ಈರುಳ್ಳಿ ಮಂಡಿಯನ್ನು ಒಬ್ಬರೇ ನಡೆಸುತ್ತಿರುವವರು. ಮಗ ಶಿವಬಾಲನ್ ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್. "ಮನೆಗೆ ಬಂದು ಕುತ್ಕಂಡು ಹುಡುಗೀನ ನೋಡದೆಲ್ಲ ಪಳೇ ಕಾಲದ್ದು," ಎಂದರು ಅಮ್ಮಣಿ. "ಞಾಯತ್ತುಕ್ಕಿಳಮೆ ಮಧುರೇಲಿ ಯಾವ್ದಾದ್ರೂ ನಲ್ಲ ಹೋಟ್ಲಲ್ಲಿ ಬ್ರಂಚ್ ಉಣ್ಣನ. ಮಕ್ಕಳು ಮಾತಾಡ್ಲಿ. ಪಿಡಿಚ್ಚಿದ್ರೆ ಅಲ್ಲೇ ತಾಂಬೂಲ ಮಾತ್ತಿಕ್ಕಳನ." ಅಂದರೆ ಭಾನುವಾರ ಸೇರುವುದು, ಹಿಡಿಸಿದರೆ ಅಲ್ಲೇ ತಾಂಬೂಲ ಬದಲಾಯಿಸಿಕೊಳ್ಳುವುದು. ಮಗಳ ಮುಖದಲ್ಲಿ ಬಹಳ ದಿನಗಳ ಮೇಲೆ ಸ್ವಲ್ಪ ಬೆಳಕು ಕಂಡೆ. ಒಪ್ಪದವಳು ನನ್ನ ಹೆಂಡತಿ ಸರಸು ಮಾತ್ರ. "ಕಾಲಾಗ್ಗೆ ಉಣ್ಣದಾ, ಮತ್ಯಾನ ಉಣ್ಣದಾ? ಎರಡೂ ಇಲ್ದೆ ನಡುವಾಗ ಉಣ್ಣೋದು ಏನ್ ಸಾಪಾಡು ಅದು?" ಎಂದು ಬೆಳಗಿನದೂ ಅಲ್ಲದ, ಮಧ್ಯಾಹ್ನದ್ದೂ ಅಲ್ಲದ ಆ ಊಟಕ್ಕೆ ಅವಳು ಮೂಗು ಮುರಿದಳು.

ಒಳ್ಳೆಯ ಬ್ರಂಚ್ ಹುಡುಕುವುದು ಒಳ್ಳೆಯ ವರನನ್ನು ಹುಡುಕುವುದಕ್ಕಿಂತ ಕಷ್ಟವೆಂದು ಆ ವಾರ ತಿಳಿಯಿತು. ಒಂದು ಹೋಟೆಲಿನಲ್ಲಿ ಅದು ತಂಗಿದವರಿಗೆ ಮಾತ್ರ. ಇನ್ನೊಂದರಲ್ಲಿ ಬ್ರಂಚ್ ಉಂಟೇ ಎಂದು ಕೇಳಿದರೆ, ಆ ಹೆಸರಿನವರು ಯಾರೂ ಇಲ್ಲಿ ಕೆಲಸ ಮಾಡುವುದಿಲ್ಲವೆಂದು ಫೋನು ಇಟ್ಟರು. ಕೊನೆಗೆ ತಮ್ಮ ಹೋಟೆಲಿನ ಚಿತ್ರ ಕಣ್ಣಿಗೆ ಬಿತ್ತು: ಮಂಜುಗಡ್ಡೆಯ ಹಂಸ, ಕಲ್ಲಂಗಡಿಯಲ್ಲಿ ಕೊರೆದ ಗಿಳಿ, ಎತ್ತರದ ಟೋಪಿಯ ಅಡುಗೆಯವರ ಸಾಲು. ಅಷ್ಟು ದೊಡ್ಡ ಟೋಪಿಯ ಕೆಳಗೆ ಕೆಟ್ಟ ಅಡುಗೆ ಇರಲಾರದೆಂದು ನಾನು ಮೇಜು ಕಾದಿರಿಸಿದೆ.

ಹೊಟ್ಟೆಯಲ್ಲಿ ಜಾಗ ಬೇಕೆಂದು ಬೆಳಗಿನ ಗಂಜಿ ಬಿಟ್ಟು, ತೇನಿ, ಉಸಿಲಂಪಟ್ಟಿ ದಾಟಿ ನಾವು ಮೂವರೂ ತಮ್ಮ ಬಾಗಿಲಿಗೆ ಬಂದಾಗ, ತಮ್ಮ ಕಾವಲುಗಾರರು ನಮ್ಮ ಮೇಲೆ ತೋರಿದ ಕಾಳಜಿಯನ್ನು ಹೇಗೆ ವರ್ಣಿಸಲಿ? ಸರಸುವಿನ ಚೀಲದಲ್ಲಿದ್ದ ತೆಂಗಿನಕಾಯಿಯನ್ನು ಯಂತ್ರದೊಳಗೆ ಎರಡು ಸಲ ಕಳಿಸಿ, ಅದರೊಳಗೆ ನೀರಿರುವುದನ್ನು ಕಂಡುಹಿಡಿದು, ವಶಕ್ಕೆ ತೆಗೆದುಕೊಂಡು ಟೋಕನ್ ಕೊಟ್ಟರು. ಹೊರಗಿನ ಆಹಾರವೆಂದು ಬಾಳೆಹಣ್ಣಿಗೂ, ಲೋಹವೆಂದು ಹಿತ್ತಾಳೆ ತಟ್ಟೆಗೂ ಅದೇ ಗತಿ. ವೀಳ್ಯದೆಲೆ ದೇವರಿಗೆಂದು ಸರಸು ಹೇಳಿದ್ದರಿಂದ ಎಲೆ, ಅಡಿಕೆ, ಅರಿಸಿನದ ಕೊಂಬು ಮತ್ತು ಒಂದು ಮೊಳ ಮಲ್ಲಿಗೆ ಒಳಗೆ ಬಂದವು. ಅವನ್ನು ತಮ್ಮದೇ ಬಿಳಿಯ ಪಿಂಗಾಣಿ ತಟ್ಟೆಯಲ್ಲಿ ಜೋಡಿಸಿ ಮೇಜಿನ ನಡುವೆ ಇಟ್ಟೆವು.

ಅಮ್ಮಣಿಯವರೂ ಶಿವಬಾಲನ್ ಅವರೂ ಬಂದರು. ನಮಸ್ಕಾರವಾಯಿತು. ಆಮೇಲೆ, ಮಾನ್ಯರೇ, ನಾವೆಲ್ಲರೂ ಒಟ್ಟಿಗೆ ಕುಳಿತದ್ದೇ ಇಲ್ಲ. ನಾನು ಇಡಿಯಪ್ಪ ತಂದಾಗ ಅಮ್ಮಣಿಯವರು ಸೂಪಿಗೆ ಹೋಗಿರುತ್ತಿದ್ದರು, ಅವರು ಬಂದು "ಹುಡುಗಿ ವೇಲೆ ವಿಷಯ..." ಎಂದು ಜನನಿಯ ಕೆಲಸದ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಸರಸು ಪಣಿಯಾರಕ್ಕೆ ಎದ್ದಿರುತ್ತಿದ್ದಳು. ಎದ್ದವರ ತಟ್ಟೆಯನ್ನು ತಮ್ಮ ಬೇರರು ತಕ್ಷಣವೇ ಎತ್ತಿಬಿಡುತ್ತಿದ್ದರು. ಅಮ್ಮಣಿಯವರ ವಡೆ ಹೀಗೆ ಪದೇಪದೇ ಅರ್ಧಕ್ಕೇ ಮಾಯವಾಯಿತು. ಹುಡುಗ ಹುಡುಗಿಯಂತೂ ದೋಸೆಯ ಸಾಲಿನಲ್ಲಿ ನಿಂತವರು ಹಿಂದಿರುಗುವ ಲಕ್ಷಣವೇ ಇರಲಿಲ್ಲ. ಅಷ್ಟು ದೊಡ್ಡ ಭವನಕ್ಕೆ ಒಂದೇ ದೋಸೆಕಲ್ಲು ಇಟ್ಟಿರುವ ತಮ್ಮ ದೂರದೃಷ್ಟಿಗೆ ನಾನು ಋಣಿ.

ಎಲ್ಲರೂ ಸಿಹಿಗೆಂದು ಎದ್ದು ಮರಳಿದಾಗ ಮೇಜು ಕನ್ನಡಿಯಂತೆ ಹೊಳೆಯುತ್ತಿತ್ತು. ತಾಂಬೂಲ ಇರಲಿಲ್ಲ.

ಅಮ್ಮಣಿಯವರು ನಿಂತಲ್ಲೇ ನಿಂತರು. "ಅಯ್ಯೋ ಸಾಮಿ, ವೆತ್ತಲೆ ತಟ್ಟು ಎಲ್ಲಿ? ಈಗ್ತಾನೆ ಇತ್ತಲ್ಲ!" ಎಂದವರು, ತಗ್ಗಿದ ದನಿಯಲ್ಲಿ ಸೇರಿಸಿದರು: "ಇದು ನಲ್ಲ ಶಗುನ ಇಲ್ಲೆ. ಇನ್ನೊಂದು ನಾಳ್ ನೋಡನ."

ಇನ್ನೊಂದು ದಿನ ಎಂದರೆ ಏನೆಂದು ಹೆಣ್ಣು ಹೆತ್ತವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಸರಸು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನ್ನ ಕೈಯಲ್ಲಿದ್ದ ಬಟ್ಟಲಿನಲ್ಲಿ ಐಸ್‌ಕ್ರೀಮು ಕರಗುತ್ತಿತ್ತು. ಅದನ್ನು ಎಲ್ಲಿಡಬೇಕೆಂದೂ ನನಗೆ ತೋಚಲಿಲ್ಲ. ಆಗ ಜನನಿ, ಈಯುತ್ತಿರುವ ಹಸುವಿನ ಮುಂದೆ ಮಾತಾಡುವ ಅದೇ ಸಮಾಧಾನದ ದನಿಯಲ್ಲಿ ಹೇಳಿದಳು: "ಶಗುನ ಆಮ್ಯಾಕೆ ನೋಡನ ಅತ್ತೆ. ಮೊದ್ಲು ತಟ್ಟು ಹುಡುಕನ."

ಅತ್ತೆ ಎಂಬ ಮಾತು ಅವಳ ಬಾಯಿಂದ ಹೇಗೆ ಬಂತೋ! ಅಮ್ಮಣಿಯವರು ತಲೆಯೆತ್ತಿ ಅವಳನ್ನೇ ನೋಡಿದರು. ಶಿವಬಾಲನ್ ಅವಳ ಹಿಂದೆ ಹೊರಟರು.

ಇಬ್ಬರೂ ಪಾತ್ರೆ ತೊಳೆಯುವ ಕೋಣೆಯವರೆಗೂ ಹೋಗಿ ವಿಚಾರಿಸಿದರು. ಕೊನೆಗೆ ತಟ್ಟೆ ಸಿಕ್ಕಿದ್ದು ಸಲಾಡಿನ ಮೇಜಿನ ಮೇಲೆ, ಮೊಳಕೆಕಾಳಿಗೂ ಸೌತೆಕಾಯಿಗೂ ನಡುವೆ. ಅಲ್ಲಿ ಖಾಲಿಯಾಗಿದ್ದ ಜಾಗವನ್ನು ಯಾರೋ ಪುಣ್ಯಾತ್ಮ ಬೇರರು ಅದರಿಂದ ತುಂಬಿದ್ದರು. ನೀಲಿ ಅಂಗಿ ತೊಟ್ಟ, ವಯಸ್ಸಾದ ಸಜ್ಜನರೊಬ್ಬರು ನಮ್ಮ ವೀಳ್ಯದೆಲೆಗೆ ಮಯೋನೀಸ್ ಸವರಿ, ಒಳಗೆ ಅನಾನಸ್ ಇಟ್ಟು, ಮಡಿಚಿ, ಕಣ್ಣುಮುಚ್ಚಿ ಅಗಿಯುತ್ತಿದ್ದರು. ಅದು ತಾಂಬೂಲವೆಂದು ಜನನಿ ತಿಳಿಸಿದಾಗ ಅವರು ಗಾಬರಿಯಾದರು. ಬಾಯಲ್ಲಿದ್ದುದನ್ನು ಉಗುಳುವಂತಿಲ್ಲ, ನುಂಗುವಂತಿಲ್ಲ. ಕಷ್ಟಪಟ್ಟು ನುಂಗಿ, ಎರಡೂ ಕೈ ಎತ್ತಿ, "ನಲ್ಲಾ ಇರುಂಗಮ್ಮಾ, ರೆಂಡು ಪೇರುಂ ನಲ್ಲಾ ಇರುಂಗ" ಎಂದು, ಇಬ್ಬರೂ ಚೆನ್ನಾಗಿರಿ ಎಂದು, ಹರಸಿದರು. ಶಿವಬಾಲನ್ ನಕ್ಕರು. ಜನನಿಯೂ ನಕ್ಕಳು, ಸಲಾಡಿನ ಮೇಜಿಗೆ ಕೈಯೂರಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಹೆಣ್ಣು ನೋಡುವ ದಿನ ನನ್ನ ಮಗಳು ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು.

ತಟ್ಟೆ ಹಿಡಿದು ಅವರಿಬ್ಬರೂ ಬರುವುದನ್ನು ಅಮ್ಮಣಿಯವರೂ ನೋಡಿದರು. "ಕೊಡವ್ವ ಇಲ್ಲಿ" ಎಂದು ಕೈಚಾಚಿದರು. ಉಳಿದ ಎಲೆಗಳನ್ನು ತಮ್ಮ ಸೆರಗಿನಿಂದಲೇ ಒರೆಸಿ, ಮಲ್ಲಿಗೆಯಿಂದ ಒಂದು ಕಾಳುಮೆಣಸನ್ನು ಆರಿಸಿ ತೆಗೆದು, ಅಲ್ಲೇ ನಿಂತು ಸರಸುವಿನೊಂದಿಗೆ ತಾಂಬೂಲ ಬದಲಾಯಿಸಿಕೊಂಡರು. ಮರಳುವಾಗ ಕಾರಿನಲ್ಲಿ ಜನನಿ ಹೇಳಿದಳು: "ನೀವ್ ವೇಲೆ ಬಿಡ್ಬ್ಯಾಡಿ, ನಾನೇ ತೇನಿಗೆ ಮಾತ್ತಲ್ ಕೇಳ್ತೀನಿ ಅಂದ್ರು ಅಪ್ಪಾ, ದೋಸೆ ಸಾಲಲ್ಲಿ." ವರ್ಗಾವಣೆಯ ಆ ಮಾತನ್ನು ಶಿವಬಾಲನ್ ಅವರೇ ತಾಯಿಗೂ ಹೇಳಿ ಒಪ್ಪಿಸಿದ್ದಾರೆ. ಮದುವೆ ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ.

ಇಷ್ಟೆಲ್ಲ ಸುಖವಾಗಿ ಮುಗಿದ ಮೇಲೆ ದೂರೇನು ಎಂದು ತಾವು ಕೇಳಬಹುದು. ಅಂದೇ ಅಮ್ಮಣಿಯವರು ಒಂದು ಕಟ್ಟುಪಾಡು ಹಾಕಿದರು: "ನಮ್ ತಾಂಬೂಲ ಉಂಡವ್ರು ನಮ್ ಸೊಂದಕಾರರು. ಅವ್ರಿಗೆ ಪತ್ರಿಕೆ ಕೊಡ್ದೆ ಕಲ್ಯಾಣ ಇಲ್ಲೆ." ನಂಟರಾದ ಮೇಲೆ ಕರೆಯದಿರುವುದು ಹೇಗೆ? ಆದರೆ ನೀಲಿ ಅಂಗಿಯವರು ಅಷ್ಟರಲ್ಲಿ ನಾಚಿಕೊಂಡು ಹೊರಟುಹೋಗಿದ್ದರು. ಅವರ ವಿಳಾಸ ಕೇಳಿದರೆ ಅತಿಥಿಗಳ ಗುಟ್ಟು ಬಿಟ್ಟುಕೊಡಲಾಗದೆಂದರು ತಮ್ಮ ಕಚೇರಿಯವರು. ತಾಂಬೂಲವನ್ನೇ ಸಾರ್ವಜನಿಕರಿಗೆ ಹಂಚಿದ ಸಂಸ್ಥೆ ಗುಟ್ಟಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವುದು ಕಂಡು ಹೃದಯ ತುಂಬಿಬಂತು.

ಆದ್ದರಿಂದ ತಾವು ದಯವಿಟ್ಟು ಅವರನ್ನು ಪತ್ತೆಹಚ್ಚಿಕೊಡಬೇಕು. ಆಗದಿದ್ದರೆ, ಅವರು ಮತ್ತೆ ಹಸಿದು ಬರುವವರೆಗೆ ಪ್ರತಿ ಭಾನುವಾರ ಸಲಾಡಿನ ಮೇಜಿನಲ್ಲಿ ಒಂದು ತಟ್ಟೆ ವೀಳ್ಯದೆಲೆ ಇಡಿಸಬೇಕು. ಯಾರು ಮಯೋನೀಸ್ ಸವರುತ್ತಾರೋ ಅವರ ಕೈಗೆ ನಮ್ಮ ಲಗ್ನಪತ್ರಿಕೆ ಕೊಡಬೇಕು. ಎಲೆಯ ಕಟ್ಟು ನಾನೇ ಕಳಿಸುತ್ತೇನೆ. ಬಾಗಿಲಿನ ಯಂತ್ರಕ್ಕೆ ತಾವೊಂದು ಮಾತು ಹೇಳಿಡಿ.

ಇಂತು ತಮ್ಮ ಬಂಧುವೇ ಆಗಿಹೋದ ವಿಶ್ವಾಸಿ,
ಕಂದಸಾಮಿ
ಓಡೈಪಟ್ಟಿ

ಮರೆತ ಮಾತು: ತಮ್ಮ ಹೋಟೆಲಿಗೆ ಎಷ್ಟು ನಕ್ಷತ್ರ ಕೊಡುತ್ತೀರೆಂದು ಕೇಳಿ ನನ್ನ ಫೋನಿಗೆ ದಿನವೂ ಸಂದೇಶ ಬರುತ್ತಿದೆ. ಹುಡುಗನದು ರೋಹಿಣಿ, ಹುಡುಗಿಯದು ಹಸ್ತ. ಎರಡೂ ಕೂಡಿಬಂದಿವೆಯೆಂದು ಜೋಯಿಸರು ಹೇಳಿದ್ದಾರೆ. ತಮ್ಮ ಹೋಟೆಲಿನದು ಯಾವುದೆಂದು ಅವರನ್ನೇ ಕೇಳಿದೆ. ತಮಗೆ ಈಗ ನಡೆಯುತ್ತಿರುವುದು ಶನಿ, ನಕ್ಷತ್ರವೊಂದೂ ಕಾಣುತ್ತಿಲ್ಲವೆನ್ನುತ್ತಾರೆ.