ನಿದ್ದೆಗಣ್ಣಲ್ಲಿ ಹುಡುಕಿದ ರಕ್ತದ ಡಾಕ್ಟರ್

ಮೈಯಲ್ಲಿ ರಕ್ತ ಕಡಿಮೆಯಾದರೆ ಲೋಕವೆಲ್ಲ ನೀರಿನೊಳಗಿಂದ ನೋಡಿದ ಹಾಗೆ ಕಾಣುತ್ತದೆ. ಮುಲುಂಡಿನ ನಮ್ಮ ಬಿಲ್ಡಿಂಗ್‌ನ ಮೆಟ್ಟಿಲುಗಳೂ ನನ್ನ ಕಾಲಡಿ ತೇಲುತ್ತಿದ್ದವು. ರಿಪೋರ್ಟ್ ನೋಡಿದ ಫ್ಯಾಮಿಲಿ ಡಾಕ್ಟರು, "ರಕ್ತ, ಕ್ಯಾನ್ಸರ್ ಎರಡನ್ನೂ ನೋಡುವ ಸ್ಪೆಷಲಿಸ್ಟ್‌ಗೆ ತೋರಿಸಿ" ಎಂದರು. ನಮ್ಮನೆಯವರ ಮುಖ ಬಿಳಿಚಿಕೊಂಡಿತು. ನನಗೋ, ಹೆದರೋಣವೆಂದರೂ ನಿದ್ದೆ ಬಿಡುತ್ತಿರಲಿಲ್ಲ. ಹುಡುಕಾಟ ಶುರುವಾಯಿತು, ಹೋದಲ್ಲೆಲ್ಲ ಒಂದಲ್ಲ ಒಂದು ತಮಾಷೆ.

ಕುಂಡಲಿ

ಕೆಳಗಿನ ಮನೆಯ ವಿಜಯಪುರದ ಕಾಕುಗೆ ನಮ್ಮನೆಯವರು, "ಯಾರರ ಛಲೋ ಡಾಕ್ಟರ್ ಇದ್ರ ಹೇಳ್ರಿ" ಅಂದಿದ್ದರು. ಸಂಜೆ ಕಾಕು ಫೋನಿನಲ್ಲಿ ಹುಡುಗನೊಬ್ಬನ ಫೋಟೊ ಹಿಡಿದು ಬಂದರು.

"ಹುಡುಗ ಡಾಕ್ಟರ್, ಮಲಾಡ್‌ನಾಗ ಸ್ವಂತ ಫ್ಲ್ಯಾಟ್ ಐತಿ. ನಿಮ್ಮ ಮಗಳ ಕುಂಡಲಿ ಕೊಡ್ರಿ."

ನಾನಂದೆ, "ಅಯ್ಯ, ವರ ಅಲ್ರಿ ಕಾಕು! ನಮಗ ರಕ್ತದ ಡಾಕ್ಟರ್ ಬೇಕು."

ಕಾಕು ಹುಬ್ಬು ಗಂಟಿಕ್ಕಿದರು. "ಈಗಿನ ಕಾಲದಾಗ ರಕ್ತಸಂಬಂಧದಾಗ ಯಾರ ಕೊಡ್ತಾರ್ರಿ?"

ಭುಜ

ಕೊನೆಗೆ ಸಾಂತಾಕ್ರೂಜ್‌ನ ಒಬ್ಬ ಡಾಕ್ಟರಮ್ಮನ ವಿಳಾಸ ಸಿಕ್ಕಿತು. ನಾನು ಲೇಡೀಸ್ ಡಬ್ಬಿ ಹತ್ತಿದೆ, ನಮ್ಮನೆಯವರು ಪಕ್ಕದ ಡಬ್ಬಿ. ಕೂತದ್ದೇ ಕಣ್ಣು ಮುಚ್ಚಿತು. ಲೋಕಲ್ ಹಳಿ ಬಿಟ್ಟು ಸಮುದ್ರದ ಮೇಲೆ ಸದ್ದಿಲ್ಲದೆ ಹೋಗುತ್ತಿತ್ತು, ಕಿಟಕಿಯಲ್ಲಿ ಮೋಡ. ದಾದರ್‌ನಲ್ಲಿ ಯಾರೋ ಮೆಲ್ಲಗೆ ಎಬ್ಬಿಸಿದರು. ನೋಡಿದರೆ ನನ್ನ ತಲೆ ಗುರುತಿಲ್ಲದ ಹೆಂಗಸೊಬ್ಬಳ ಭುಜದ ಮೇಲೆ! ಅವಳೇ ಕೈಹಿಡಿದು ಇಳಿಸಿದಳು. ನಮ್ಮನೆಯವರು ಓಡಿಬಂದು ಆಸೆಯಿಂದ ಕೇಳಿದರು, "ನೀವು ಡಾಕ್ಟರಾ?"

"ಅಲ್ಲ ಭಾಯಿಸಾಬ್, ಹಿಂದೆ ಘಾಟಕೋಪರ್‌ನಲ್ಲೇ ಇಳಿಯಬೇಕಾಗಿದ್ದವಳು."

ಒಂದು ವಾರ

ಡಾಕ್ಟರಮ್ಮ ಬೆಳಗಾವಿ ಕಡೆಯವರು. ಟೆಸ್ಟುಗಳೆಲ್ಲ ಮುಗಿದ ಮೇಲೆ ಕರೆಸಿದರು. ನಮ್ಮನೆಯವರು ನೀರಿನ ಬಾಟಲಿ ತರಲು ಕೆಳಗೆ ಹೋಗಿದ್ದರು.

"ಕ್ಯಾನ್ಸರ್ ಅಲ್ರಿ. ವಿಟಮಿನ್ ಬಿ-ಟ್ವೆಲ್ವ್ ಪೂರಾ ಇಳದೈತಿ. ಇಂಜೆಕ್ಷನ್ ತಗೊಂಡ್ರ ಆರಾಮ ಆಗ್ತೀರಿ."

ನನಗೆ ಅಳು ಬಂತು. ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು. ರಿಪೋರ್ಟ್ ಬಂದಂದಿನಿಂದ ನಮ್ಮನೆಯವರು ಬೆಳಗಿನ ಚಹಾ ಹಾಸಿಗೆಗೇ ತರುತ್ತಿದ್ದರು. ಸೀರೆ ಮಡಚುವವರೂ ಅವರೇ. ನಾನು ಏನೆಂದರೂ "ಹೂಂ".

"ಡಾಕ್ಟರ್, ಇದನ್ನ ನಮ್ಮನಿಯವರಿಗೆ ಒಂದ್ ವಾರ ಹೇಳಬ್ಯಾಡ್ರಿ."

ಹಿಂದೆ ಬಾಟಲಿ ಬಿದ್ದ ಸದ್ದು. ಬಾಗಿಲಲ್ಲಿ ಅವರು. ಅಷ್ಟೇ ಮಾತು ಕಿವಿಗೆ ಬಿದ್ದಿತ್ತು! ಕುರ್ಚಿ ಹಿಡಿದುಕೊಂಡು, "ಹೇಳ್ರಿ ಡಾಕ್ಟರ್... ನಾ ತಡಕೊಂತೀನಿ" ಅಂದರು.

ಡಾಕ್ಟರಮ್ಮ ನಗು ತಡೆದುಕೊಂಡು ಎಲ್ಲ ಬಿಡಿಸಿ ಹೇಳಿದರು. ಮದುವೆಯಾದಾಗಿನಿಂದ ನಾನು ನೋಡಿರದ ಹಾಗೆ ಅವರು ಅತ್ತರು. ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು. ಏನೋ ಒಂದು ಒಳ್ಳೆ ಮಾತು ಬರುತ್ತದೆಂದು ಕಾದೆ.

"ಹಂಗಾರ ನಾಳಿಂದ ಚಹಾ ನೀನ ಮಾಡು."